ಹಳೆ ಯುದ್ಧ ಕಾಮಿಕ್ಸ್‌ನ ಗೆರೆಗಳನ್ನು ನಾನು ಓದಿದ ಬಗೆ

ನಾನು ಚಿತ್ರ ಬರೆಯುವವನು. ಅಮೆರಿಕದ ಹಳೆ ಯುದ್ಧ ಕಾಮಿಕ್ಸ್‌ನಲ್ಲಿ ಬೇರೆ ಜನಾಂಗದವರನ್ನು ತೋರಿಸಿದ ರೀತಿಯ ಬಗ್ಗೆ ಮಾತು ಬಂದರೆ, 'ಆ ಕಾಲವೇ ಹಾಗಿತ್ತು ಬಿಡಿ' ಅನ್ನುವವರೇ ಜಾಸ್ತಿ. ನನಗೆ ಆ ಉತ್ತರ ಸಾಲಲಿಲ್ಲ. ಕೈಯಲ್ಲಿ ಬರೆದದ್ದನ್ನು ಕೈಯಲ್ಲೇ ಬರೆದು ನೋಡೋಣ ಅಂತ ಟ್ರೇಸಿಂಗ್ ಪೇಪರ್ ಹಿಡಿದು ಕೂತೆ.

ಮೊದಲು ಆರಿಸಿಕೊಂಡದ್ದು 'ಬ್ಲ್ಯಾಕ್‌ಹಾಕ್'. 1941ರ ಆಗಸ್ಟ್‌ನ 'ಮಿಲಿಟರಿ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಶುರುವಾದ ಸರಣಿ. ಬೇರೆ ಬೇರೆ ದೇಶದ ಪೈಲಟ್‌ಗಳು ಸೇರಿ ನಾಜಿಗಳ ವಿರುದ್ಧ ಹೋರಾಡುತ್ತಾರೆ. ಅವರ ಜೊತೆಗೊಬ್ಬ ಚೀನೀ ಅಡುಗೆಯವನು, ಹೆಸರು ಚಾಪ್-ಚಾಪ್. ಪುಟಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮಾತಿನ ಬಲೂನ್‌ಗಳ ಮೇಲೆ ಬಿಳಿ ಕಾಗದ ಅಂಟಿಸಿದೆ. ಮಾತು ಓದುತ್ತಾ ಹೋದರೆ ಕಣ್ಣು ಕಥೆಯ ಹಿಂದೆ ಓಡುತ್ತದೆ, ಗೆರೆ ಕಾಣುವುದೇ ಇಲ್ಲ. ಆಮೇಲೆ ಒಂದೇ ಫ್ರೇಮ್‌ನಲ್ಲಿದ್ದವರೆಲ್ಲರ ಹೊರಗೆರೆ ಎಳೆದೆ.

ಪೈಲಟ್‌ಗಳಿಗೆ ಅಳತೆಗೆ ತಕ್ಕ ಮೈ, ಭುಜ, ದವಡೆಯ ಕೆಳಗೆ ನೆರಳು, ಮೈಮೇಲೆ ಸಮವಸ್ತ್ರ. ಚಾಪ್-ಚಾಪ್ ಮಾತ್ರ ಕುಳ್ಳ, ಗುಂಡಗೆ. ಉಬ್ಬುಹಲ್ಲು, ಜಡೆ, ಕೈಯಲ್ಲಿ ಮಚ್ಚು. ಅವನಿಗೆ ಸಮವಸ್ತ್ರವೂ ಇಲ್ಲ. ಅವನು ಶತ್ರುವಲ್ಲ, ಇವರ ಜೊತೆಗಾರ. ಆ ಯುದ್ಧದಲ್ಲಿ ಚೀನಾ ಅಮೆರಿಕದ ಮಿತ್ರದೇಶ ಬೇರೆ! ಆದರೂ ಹೀಗೆ.

ಬರೆಯಲು ಬರದೆ ಹೀಗಾಯಿತು ಅನ್ನುವಂತಿಲ್ಲ. ಈ ಸರಣಿಗೆ ಚಿತ್ರ ಬರೆದವರಲ್ಲಿ ರೀಡ್ ಕ್ರ್ಯಾಂಡಲ್ ಒಬ್ಬರು. ಮನುಷ್ಯ ದೇಹವನ್ನು ಅವರಷ್ಟು ಚೆನ್ನಾಗಿ ಬರೆದವರು ಆಗ ಕಡಿಮೆ. ಹಾಗಾಗಿ ನಾನು ಇನ್ನೊಂದು ಕೆಲಸ ಮಾಡಿದೆ. ಪೈಲಟ್‌ಗಳ ಅಳತೆಯಲ್ಲೇ ಚಾಪ್-ಚಾಪ್‌ನನ್ನು ತಿರುಗಿ ಬರೆದೆ. ಅದೇ ಜಾಗ, ಅದೇ ಭಂಗಿ. ಬಲೂನ್ ಮೇಲಿನ ಕಾಗದ ಕಿತ್ತು ಓದಿದರೆ, ಅವನ ಬಾಯಲ್ಲಿ ಇಟ್ಟಿದ್ದ ಹರುಕುಮುರುಕು ಇಂಗ್ಲಿಷ್ ಆ ಮುಖಕ್ಕೆ ಕೂರಲೇ ಇಲ್ಲ. ತಮಾಷೆ ಇದ್ದದ್ದು ಮಾತಿನಲ್ಲಲ್ಲ, ಆ ಅಳತೆಯಲ್ಲಿ.

ಶತ್ರುಗಳ ವಿಷಯದಲ್ಲೂ ಇದೇ ಭೇದ. ಟೈಮ್ಲಿ ಅನ್ನುವ ಕಾಮಿಕ್ಸ್ ಕಂಪನಿಗೆ ಅಲೆಕ್ಸ್ ಶಾಂಬರ್ಗ್ ಬರೆದ ಮುಖಪುಟಗಳಲ್ಲಿ ಜಪಾನಿ ಸೈನಿಕನಿಗೆ ಕೋರೆಹಲ್ಲು. ಜರ್ಮನ್ ಸೈನಿಕ ಕ್ರೂರಿಯಾದರೂ ಹೆಚ್ಚಾಗಿ ಮನುಷ್ಯನಾಗಿಯೇ ಉಳಿಯುತ್ತಾನೆ.

ಬಣ್ಣವನ್ನು ಬೇರೆಯಾಗಿಯೇ ನೋಡಬೇಕು. ಆಗಿನ ಅಗ್ಗದ ನಾಲ್ಕು ಬಣ್ಣದ ಮುದ್ರಣದಲ್ಲಿ ಬಿಳಿಯರ ಚರ್ಮಕ್ಕೆ ಕೆಂಪು, ಹಳದಿ ಚುಕ್ಕಿಗಳನ್ನು ತೆಳುವಾಗಿ ಬೆರೆಸುತ್ತಿದ್ದರು. ಏಷ್ಯಾದವರಿಗೆ ಎಷ್ಟೋ ಕಡೆ ಎದ್ದು ಕಾಣುವ ಹಳದಿ. 1963ರಲ್ಲಿ 'ಸಾರ್ಜೆಂಟ್ ಫ್ಯೂರಿ' ಅನ್ನುವ ಯುದ್ಧ ಕಾಮಿಕ್ಸ್ ಶುರುವಾದಾಗ ಗೇಬ್ ಜೋನ್ಸ್ ಅನ್ನುವ ಕಪ್ಪು ಸೈನಿಕನಿದ್ದ. ಮೊದಲ ಸಂಚಿಕೆ ಅಚ್ಚಾಗಿ ಬಂದಾಗ ಅವನ ಚರ್ಮಕ್ಕೂ ಬಿಳಿಯರ ಬಣ್ಣವೇ ಬಿದ್ದಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಅಚ್ಚಿನ ಮನೆಯಲ್ಲಿ ಅಳಿಸಿಹೋಯಿತು.

ಈಗ ಹಾರ್ವೆ ಕರ್ಟ್ಜ್‌ಮನ್ ವಿಷಯ. ನನ್ನ ಮೇಜಿನ ಮೇಲೆ ಅತಿ ಹೆಚ್ಚು ಹೊತ್ತು ಇದ್ದದ್ದು ಇವರ ಪುಟಗಳೇ. ಕೊರಿಯಾ ಯುದ್ಧ ನಡೆಯುತ್ತಿದ್ದಾಗಲೇ ಇ.ಸಿ. ಕಾಮಿಕ್ಸ್‌ನಲ್ಲಿ 'ಟೂ-ಫಿಸ್ಟೆಡ್ ಟೇಲ್ಸ್', 'ಫ್ರಂಟ್‌ಲೈನ್ ಕಾಂಬ್ಯಾಟ್' ಅನ್ನುವ ಯುದ್ಧ ಕಾಮಿಕ್ಸ್ ಪತ್ರಿಕೆಗಳನ್ನು ಸಂಪಾದಿಸಿದವರು. 1952ರ ಆರಂಭದಲ್ಲಿ ಬಂದ ಒಂದು ಕಥೆಯಲ್ಲಿ, ಇಮ್ಜಿನ್ ನದಿಯ ದಡದಲ್ಲಿ ಅಮೆರಿಕನ್ ಸೈನಿಕ ಶತ್ರುವಿನ ಜೊತೆ ಬರಿಗೈಯಲ್ಲಿ ಹೊಡೆದಾಡಿ ಅವನನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಗೆದ್ದವನಿಗೆ ಜೈಕಾರ ಇಲ್ಲ. ಸತ್ತವನಿಗಾಗಿ ಮರುಗಿ ಅನ್ನುತ್ತದೆ ಕಥೆ. ಇದನ್ನೂ ಟ್ರೇಸ್ ಮಾಡಿದೆ. ಇಬ್ಬರ ಮೈಗೂ ಒಂದೇ ದಪ್ಪ ಗೆರೆ, ಒಂದೇ ಭಾರ. ನಡುವೆ ಹತ್ತು ವರ್ಷದ ಅಂತರ ಅಷ್ಟೇ, ಅದೇ ಅಗ್ಗದ ಕಾಗದ, ಅದೇ ಹತ್ತು ಸೆಂಟಿನ ಪುಸ್ತಕ. ಮತ್ತೆ ಕಾಲವನ್ನು ಯಾಕೆ ದೂರಬೇಕು?

ನೀವೂ ಹೀಗೆ ನೋಡುವುದಾದರೆ ಬಿಡಿ ಪುಟ ಹಿಡಿಯಬೇಡಿ, ಜೋಡಿ ಹಿಡಿಯಿರಿ. ಬ್ಲ್ಯಾಕ್‌ಹಾಕ್‌ನ ಒಂದು ಪುಟದ ಪಕ್ಕ, 1965ರಲ್ಲಿ ಶುರುವಾಗಿ ನಾಲ್ಕೇ ಸಂಚಿಕೆಗೆ ನಿಂತ 'ಬ್ಲೇಜಿಂಗ್ ಕಾಂಬ್ಯಾಟ್' ಇಡಿ. ಅದರಲ್ಲಿ ಭತ್ತದ ಗದ್ದೆಯ ಚಿಂತೆ ಬಿಟ್ಟು ಬೇರೇನೂ ಇಲ್ಲದ ವಿಯೆಟ್ನಾಂನ ಮುದುಕನೊಬ್ಬನ ಕಥೆಯಿದೆ, ಜೋ ಒರ್ಲ್ಯಾಂಡೊ ಬರೆದ ಚಿತ್ರ. ಪೂರ್ತಿ ಕಪ್ಪು-ಬಿಳುಪು, ಹಳದಿಯ ಮಾತೇ ಇಲ್ಲ. ಕ್ರ್ಯಾಂಡಲ್ ಕೂಡ ಈ ಪತ್ರಿಕೆಗೆ ಬರೆದಿದ್ದಾರೆ, ಅವರ ಪುಟಗಳನ್ನು ತಪ್ಪದೆ ಹುಡುಕಿ ನೋಡಿ.