ಬೆಳೆ ವಿಮೆ: ಕಂಪ್ಯೂಟರಿನ ಕಿಟಕಿಯಲ್ಲಿ ಅರ್ಜಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು ಹೇಗೆ?

ಪಾವಗಡದ ಕಡೆ ನಮ್ಮ ಚಿಕ್ಕಪ್ಪನಿಗೆ ಎರಡು ಸರ್ವೆ ನಂಬರಿನಲ್ಲಿ ಹೊಲ ಇದೆ. ಎರಡಕ್ಕೂ ಕಡಲೆಕಾಯಿ ಹಾಕಿ, ಎರಡಕ್ಕೂ ವಿಮೆ ಕಟ್ಟಿದ್ದರು. ಮಳೆ ಕೈಕೊಟ್ಟ ವರ್ಷ ಪರಿಹಾರ ಮಂಜೂರಾದದ್ದು ಒಂದಕ್ಕೆ ಮಾತ್ರ. ಇನ್ನೊಂದರ ಅರ್ಜಿಗೆ ‘ಬೆಳೆ ತಾಳೆಯಾಗಿಲ್ಲ’ ಎಂಬ ಷರಾ. “ಆಫೀಸಿನವರು ಒಬ್ಬರೂ ಹೊಲದ ಹತ್ರ ಬರಲಿಲ್ಲ. ತಾಳೆ ನೋಡಿದ್ದು ಯಾರಪ್ಪ?” ಎಂದು ಚಿಕ್ಕಪ್ಪ ನನ್ನನ್ನು ಕೇಳಿದರು.

ನೋಡಿದ್ದು ಕಂಪ್ಯೂಟರು. ಬೆಳೆ ವಿಮೆಗೆ ನಮ್ಮ ರಾಜ್ಯದಲ್ಲಿ ‘ಸಂರಕ್ಷಣೆ’ ಎಂಬ ಪೋರ್ಟಲ್ ಇದೆ. ಅದರ ಹತ್ತಿರ ಎಲ್ಲ ಮಾಹಿತಿ ಇರುವುದಿಲ್ಲ. ಜಮೀನು ಯಾರದ್ದು ಎನ್ನುವುದು ‘ಭೂಮಿ’ಯಲ್ಲಿ, ರೈತ ಯಾರು ಎನ್ನುವುದು ‘ಫ್ರೂಟ್ಸ್’ನಲ್ಲಿ, ಹೊಲದಲ್ಲಿ ಏನಿದೆ ಎನ್ನುವುದು ಬೆಳೆ ಸಮೀಕ್ಷೆಯಲ್ಲಿ. ಇವು ಒಂದನ್ನೊಂದು ಕೇಳಿ ತಿಳಿದುಕೊಳ್ಳುವ ದಾರಿಗೆ ಸಾಫ್ಟ್‌ವೇರಿನವರು ಎಪಿಐ ಅನ್ನುತ್ತಾರೆ. ತಾಲ್ಲೂಕು ಕಚೇರಿಯ ಕಿಟಕಿ ನೆನಪಿಸಿಕೊಳ್ಳಿ. ಸರ್ವೆ ನಂಬರ್ ಬರೆದು ಚೀಟಿ ಕೊಟ್ಟರೆ ಪಹಣಿ ಕೈಗೆ ಬರುತ್ತದೆ. ರೆಕಾರ್ಡ್ ರೂಮಿನೊಳಗೆ ನಿಮ್ಮನ್ನು ಬಿಡುವುದಿಲ್ಲ. ಎಪಿಐ ಅಂಥದ್ದೇ ಕಿಟಕಿ. ಒಂದೇ ವ್ಯತ್ಯಾಸ: ಕಿಟಕಿಯ ಹಿಂದಿರುವ ಗುಮಾಸ್ತರು “ಏನು ಸ್ವಾಮಿ, ಹಿಸ್ಸಾ ನಂಬರ್ ಬರೆದಿಲ್ಲ” ಎಂದು ಕೇಳಬಹುದು. ಮಿಷನ್ನು ಕೇಳುವುದಿಲ್ಲ, ವಾಪಸ್ ತಳ್ಳುತ್ತದೆ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ವಿಮೆ ಕಟ್ಟುವ ದಿನವಲ್ಲ, ಅದಕ್ಕೂ ಮುಂಚೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನಿಮ್ಮ ಎಫ್‌ಐಡಿ, ಅಂದರೆ ಫ್ರೂಟ್ಸ್ ಸಂಖ್ಯೆ, ತೆಗೆಸಿ ನೋಡಿ. ನಿಮ್ಮ ಹೊಲಗಳ ಎಲ್ಲ ಸರ್ವೆ ನಂಬರ್‌ಗಳೂ ಅದರಲ್ಲಿ ಸೇರಿವೆಯಾ? ಸೇರದ ಹೊಲ ವಿಮೆಯ ಲೆಕ್ಕಕ್ಕೆ ಬರುವುದು ಕಷ್ಟ. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಪಹಣಿ ಬದಲಿಸಿಕೊಳ್ಳದೆ ಗತಿಯಿಲ್ಲ.

ಮುಂದಿನದು ಹೆಸರು. ಪಹಣಿಯಲ್ಲಿ ‘ಬಿನ್’ ಎಂದು ಅಪ್ಪನ ಹೆಸರೂ ಸೇರಿರುತ್ತದೆ. ಆಧಾರ್‌ನಲ್ಲಿ ಬರೀ ಇನಿಷಿಯಲ್. ಪಾಸ್‌ಬುಕ್ಕಿನಲ್ಲಿ ಬ್ಯಾಂಕಿನವರು ಬರೆದದ್ದೇ ಮೂರನೇ ಥರ. ಮೂರೂ ಒಬ್ಬರೇ ಅಂತ ಇಡೀ ಊರಿಗೆ ಗೊತ್ತು, ಆದರೆ ಊರನ್ನು ಯಾರೂ ಕೇಳುವುದಿಲ್ಲ ಅಲ್ವಾ? ತೀರಾ ಬೇರೆ ಬೇರೆ ಇದ್ದರೆ ಈಗಲೇ ತಿದ್ದಿಸಿ.

ವಿಮೆ ಕಟ್ಟುವುದು ಇದ್ದುದರಲ್ಲಿ ಸುಲಭ. ಬ್ಯಾಂಕ್, ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಗುತ್ತದೆ. ಈ ವಿಮೆಯ ಹಿಂದಿರುವ ಕೇಂದ್ರದ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಯಲ್ಲಿದೆ. ರೈತರು ಕಟ್ಟುವ ಪಾಲು ವಿಮಾ ಮೊತ್ತದಲ್ಲಿ ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ಹೆಚ್ಚೆಂದರೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ 5. ಕೊನೆಯ ದಿನ ಬೆಳೆಯಿಂದ ಬೆಳೆಗೆ ಬೇರೆ. ರಸೀದಿ ತೆಗೆದುಕೊಂಡು ಸರ್ವೆ ನಂಬರ್, ಹಿಸ್ಸಾ, ಬೆಳೆಯ ಹೆಸರು ಮೂರನ್ನೂ ಅಲ್ಲೇ ನಿಂತು ಓದಿ. ಸುಮ್ನೆ ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿ.

ಜಾಸ್ತಿ ಜನ ಎಡವುವುದು ಇದಾದ ಮೇಲೆ, ಬೆಳೆ ಸಮೀಕ್ಷೆಯಲ್ಲಿ. ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಬೆಳೆಯ ಫೋಟೊ ತೆಗೆದು ಆ್ಯಪ್‌ಗೆ ಹಾಕಬೇಕು. 2020ರಿಂದ ರೈತರೇ ಇದನ್ನು ಮಾಡಬಹುದು. ಮಾಡದಿದ್ದರೆ ಊರಿನ ಯಾರಾದರೂ ಹುಡುಗನಿಗೆ ಆ ಕೆಲಸ ವಹಿಸಿರುತ್ತಾರೆ. ನಮ್ಮ ಚಿಕ್ಕಪ್ಪನ ಹೊಲದಲ್ಲಿ ಆದದ್ದು ಇದೇ. ಕಡಲೆಕಾಯಿ ನಡುವೆ ಅಕ್ಕಡಿಯಾಗಿ ತೊಗರಿ ಹಾಕಿದ್ದರು. ಫೋಟೊದಲ್ಲಿ ಎದ್ದು ಕಂಡದ್ದು ಎತ್ತರದ ತೊಗರಿ. ಹುಡುಗ ತೊಗರಿ ಎಂದೇ ನಮೂದಿಸಿದ. ವಿಮೆ ಕಟ್ಟಿದ್ದು ಕಡಲೆಕಾಯಿಗೆ. ಎರಡು ಕಂಪ್ಯೂಟರಿನ ಮಾತು ಹೊಂದಲಿಲ್ಲ. ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನು ಕಂಡದ್ದನ್ನು ಬರೆದ. ಅಕ್ಕಡಿ ಬೆಳೆ ಇದ್ದವರು ಸಮೀಕ್ಷೆಯ ಹೊತ್ತಿಗೆ ಹೊಲದಲ್ಲೇ ಇರಬೇಕು, ಮುಖ್ಯ ಬೆಳೆ, ಮಿಶ್ರ ಬೆಳೆ ಎರಡನ್ನೂ ಬರೆಸಬೇಕು.

ಆಮೇಲೆ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ಏನು ದಾಖಲಾಗಿದೆ ಎಂದು ನೋಡಬಹುದು. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು, ಆದರೆ ಗಡುವಿನೊಳಗೆ. ಒಂದು ವೇಳೆ ಅರ್ಜಿ ತಿರಸ್ಕಾರವಾದರೂ ಕೈಚೆಲ್ಲಬೇಡಿ. ಆಕ್ಷೇಪಣೆಗೆ ಕರೆದಾಗ ಆ ಬೆಳೆ ನಮೂದಾದ ಪಹಣಿ, ಎಪಿಎಂಸಿಯಲ್ಲಿ ಮಾರಿದ ರಸೀದಿ ಇವನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಡಬೇಕು. ಚಿಕ್ಕಪ್ಪ ಕಡಲೆಕಾಯಿ ಮಾರಿದ ರಸೀದಿಯಲ್ಲೇ ಬೀಡಿ ಸುತ್ತಿಟ್ಟಿದ್ದರು, ಅದು ಬೇರೆ ಕಥೆ.

ಆಲಿಕಲ್ಲು ಬಿದ್ದರೆ, ಹೊಲ ಮುಳುಗಿದರೆ 72 ಗಂಟೆಯೊಳಗೆ ತಿಳಿಸಬೇಕು. ಅದಕ್ಕೆ 14447ಕ್ಕೆ ಫೋನ್ ಮಾಡಿದರೆ ಸಾಕು. ಬರಗಾಲದ ಲೆಕ್ಕ ಹಾಗಲ್ಲ. ಅಲ್ಲಿ ನಿಮ್ಮೊಬ್ಬರ ಹೊಲ ಲೆಕ್ಕಕ್ಕಿಲ್ಲ. ಆ ಭಾಗದ ಮುಖ್ಯ ಬೆಳೆಗೆ ಇಡೀ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಬೆಳೆ ಕಟಾವು ಪ್ರಯೋಗದಲ್ಲಿ, ಅಂದರೆ ಆಯ್ದ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ತೂಗಿದಾಗ, ಸಿಕ್ಕ ಇಳುವರಿಯನ್ನು ಆ ಪಂಚಾಯಿತಿಗೆ ನಿಗದಿಯಾದ ಇಳುವರಿಯ ಜೊತೆ ಹೋಲಿಸುತ್ತಾರೆ. ಎಕರೆಗೆ 4 ಕ್ವಿಂಟಲ್ ಬರಬೇಕಿದ್ದಲ್ಲಿ 3 ಬಂದರೆ ಕೊರತೆ ಕಾಲು ಭಾಗ, ಪರಿಹಾರವೂ ವಿಮಾ ಮೊತ್ತದ ಕಾಲು ಭಾಗ.

ಕೊನೆಯ ಕಿಟಕಿ ಬ್ಯಾಂಕಿನದು. ಆಧಾರ್ ಮೂಲಕ ಬರುವ ಹಣ ನೀವು ಕೊಟ್ಟ ಪಾಸ್‌ಬುಕ್ಕಿಗೇ ಹೋಗುತ್ತದೆ ಎಂದುಕೊಳ್ಳಬೇಡಿ. ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಯಾವುದೋ ಅಲ್ಲಿಗೇ ಅದು ಹೋಗುವುದು. ಆಧಾರ್ ವೆಬ್‌ಸೈಟಿನಲ್ಲಿ ಇದನ್ನು ನೋಡಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಸಾಕು. ಚಿಕ್ಕಪ್ಪನ ಖಾತೆಯನ್ನು ಹಾಗೆ ನೋಡಿದಾಗ ಅವರು ಎಂದೋ ಮರೆತಿದ್ದ ಬ್ಯಾಂಕಿನ ಹೆಸರು ಬಂತು. ಮೊದಲ ಹೊಲದ ಪರಿಹಾರ ಕೂತಿದ್ದುದು ಅಲ್ಲೇ.