ಲೋಡ್ ಇದ್ದರೂ ಖಾಲಿ ಎಂದುಕೊಂಡ ವಾಲ್ವ್: ಹಿಂದಿನ ಬ್ರೇಕಿನ ದೋಷ ಹುಡುಕಿದ ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಹಳೆಯ ಪಿಕಪ್ ಗಾಡಿಯಿದೆ. ಸುಗ್ಗಿಯಲ್ಲಿ ಮೆಕ್ಕೆಜೋಳ, ಅದು ಮುಗಿದ ಮೇಲೆ ಚಿತ್ರದುರ್ಗ ಸೀಮೆಯ ಈರುಳ್ಳಿ, ಹೀಗೆ ವರ್ಷದ ಹೆಚ್ಚಿನ ದಿನಗಳಲ್ಲಿ ಅದು ಎಪಿಎಂಸಿಗೆ ಮಾಲು ಹೊರುತ್ತದೆ. ಒಂದು ಸಂಜೆ 50 ಕೆ.ಜಿ.ಯ 24 ಚೀಲ ಈರುಳ್ಳಿ ಹೇರಿಕೊಂಡು ಭರಮಸಾಗರ ದಾಟಿ ಬರುತ್ತಿದ್ದಾಗ ಕುರಿ ಹಿಂಡೊಂದು ಅಡ್ಡ ಬಂತು. ಬ್ರೇಕ್ ಒತ್ತಿದಾಗ ಪೆಡಲ್ ಗಟ್ಟಿಯಾಗಿಯೇ ಇತ್ತು, ಗಾಡಿಯ ಮೂತಿ ನೆಲಕ್ಕೆ ಬಾಗಿತು, ಮುಂದಿನ ಟೈರುಗಳು ಕಿರುಚಿದವು. ಆದರೆ ಹಿಂದಿನಿಂದ ಯಾರೋ ದೂಡುತ್ತಿರುವಂತೆ ಗಾಡಿ ಇನ್ನಷ್ಟು ದೂರ ಹೋಗಿಯೇ ನಿಂತಿತು. ಕುರಿಗಳೂ ಕುರಿ ಕಾಯುವ ಹುಡುಗನೂ ಪಾರಾದರು. ಮರುದಿನದಿಂದ ಲೋಡ್ ಹಾಕುವುದನ್ನು ನಿಲ್ಲಿಸಿ, ಕಾರಣ ಸಿಗುವವರೆಗೆ ಗಾಡಿಯನ್ನು ಮನೆಯ ಮುಂದೆಯೇ ಇಟ್ಟುಕೊಂಡೆ.

ಹಿಂದಿನ ಬ್ರೇಕ್ ಮೆತ್ತಗಾಗಿದೆಯೆಂಬ ಅನುಮಾನ ಅದಕ್ಕೂ ಮೊದಲೇ ಬಂದಿತ್ತು. ಒಂದು ಗ್ಯಾರೇಜಿನಲ್ಲಿ ಹಿಂದಿನ ಗಾಲಿಗಳ ಶೂಗಳನ್ನು, ಅಂದರೆ ಡ್ರಮ್ಮಿನ ಒಳಮೈಗೆ ಒತ್ತಿ ಗಾಲಿಯನ್ನು ನಿಲ್ಲಿಸುವ ತುಂಡುಗಳನ್ನು, ಬದಲಿಸಿದ್ದರು. ಕೆಲವು ತಿಂಗಳ ನಂತರ ಇನ್ನೊಂದು ಕಡೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಗಾಲಿಗಳತ್ತ ದೂಡುವ ಮಾಸ್ಟರ್ ಸಿಲಿಂಡರಿಗೆ ಹೊಸ ಕಿಟ್ ಹಾಕಿದ್ದರು. ಎರಡು ಸಲವೂ ಹಿಂಭಾಗಕ್ಕೆ ಜಾಕ್ ಕೊಟ್ಟು, ಗಾಲಿಯನ್ನು ಕೈಯಿಂದ ತಿರುಗಿಸಿ, ಒಬ್ಬರು ಪೆಡಲ್ ಒತ್ತಿದಾಗ ಅದು ಟಕ್ಕನೆ ನಿಂತುದನ್ನು ನನಗೆ ತೋರಿಸಿ, ಬ್ರೇಕ್ ಸರಿಯಾಗಿದೆ ಎಂದು ಕಳುಹಿಸಿದ್ದರು. ನಾನೂ ಅದನ್ನು ನಂಬಿದ್ದೆ. ನೆಲ ಬಿಟ್ಟು ಮೇಲೆದ್ದ ಗಾಲಿಯನ್ನು ಕೈಯಿಂದ ತಿರುಗಿಸಿದರೆ ಅದನ್ನು ನಿಲ್ಲಿಸಲು ಅತ್ಯಲ್ಪ ಒತ್ತಡ ಸಾಕು. ಒಂದು ಟನ್ನಿಗೂ ಹೆಚ್ಚು ಮಾಲು ಹೊತ್ತು ಓಡುವ ಗಾಡಿಯನ್ನು ನಿಲ್ಲಿಸಲು ಬೇಕಾಗುವ ಒತ್ತಡ ಬೇರೆಯದೇ. ಈ ವ್ಯತ್ಯಾಸ ತಿಳಿಯದೆ ನನ್ನ ಎಷ್ಟೋ ತಿಂಗಳು ಹಾಳಾದವು.

ಮೊದಲು ಹ್ಯಾಂಡ್‌ಬ್ರೇಕನ್ನು ಪರೀಕ್ಷಿಸಿದೆ. ನನ್ನ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಮೂಲಕ ಅದೇ ಹಿಂದಿನ ಶೂಗಳನ್ನು ಅದೇ ಡ್ರಮ್ಮುಗಳಿಗೆ ಒತ್ತುತ್ತದೆ, ಅದಕ್ಕೆ ಬ್ರೇಕ್ ಆಯಿಲಿನ ಸಂಬಂಧವಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಎಳೆದಾಗ ಗಾಡಿ ಒಂದಿಂಚೂ ಸರಿಯಲಿಲ್ಲ. ಅಂದರೆ ಶೂ, ಡ್ರಮ್ ಎರಡೂ ಹಿಡಿಯಬಲ್ಲವು. ಅವುಗಳಿಗೆ ಕಾಲಿನ ಒತ್ತಡ ತಲುಪುತ್ತಿಲ್ಲ ಎಂಬ ಅನುಮಾನ ಇಲ್ಲಿಂದ ಗಟ್ಟಿಯಾಯಿತು. ಆಮೇಲೆ ಖಾಲಿ ಗಾಡಿಯನ್ನು ಆನಗೋಡಿನ ಕಡೆಗೆ ಓಡಿಸಿ, ಅಲ್ಲಲ್ಲಿ ಬ್ರೇಕ್ ಹಾಕುತ್ತ ಹಿಂದಿರುಗಿ ಬಂದು, ಗಾಲಿಗಳ ಹತ್ತಿರ ಮುಟ್ಟದಂತೆ ಅಂಗೈ ಹಿಡಿದು ನೋಡಿದೆ. ಮುಂದಿನ ಡಿಸ್ಕಿನಿಂದ ಒಲೆಯ ಮುಂದೆ ಕೂತಂತೆ ಕಾವು ಹೊಡೆಯುತ್ತಿತ್ತು, ಹಿಂದಿನ ಡ್ರಮ್ ನೆರಳಿನಲ್ಲಿದ್ದ ಕಲ್ಲಿನಷ್ಟು ತಣ್ಣಗಿತ್ತು.

ಮರುದಿನ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡು ಗಾಲಿಗಳ ನಡುವಿನ ಅಚ್ಚಿನ ಕವಚವಾದ ಹೌಸಿಂಗಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಡ್ರಮ್ ಬಿಚ್ಚಿದೆ. ಒಳಗಿನ ಧೂಳನ್ನು ಏರ್ ಹೊಡೆದು ಹಾರಿಸುವುದು ನಮ್ಮ ಕಡೆ ರೂಢಿ. ಶೂಗಳ ಮೇಲಿನ ಉಜ್ಜುವ ಪದರವಾದ ಲೈನರು ಹಳೆಯದಾಗಿದ್ದರೆ ಅದರಲ್ಲಿ ಕಲ್ನಾರು ಇರಬಹುದಾದ್ದರಿಂದ ನಾನು ಒದ್ದೆ ಬಟ್ಟೆಯಲ್ಲಿಯೇ ಒರೆಸಿದೆ. ಗೇರ್ ಆಯಿಲ್ ಸೀಲ್ ದಾಟಿ ಶೂಗೆ ಇಳಿದಿದೆಯೇ ಎಂದು ನೋಡಿದರೆ ಒಣಗಿತ್ತು. ಆಯಿಲಿನ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಎತ್ತಿ ನೋಡಿದಾಗಲೂ ಒಳಗೆ ಬ್ರೇಕ್ ಆಯಿಲಿನ ಪಸೆಯಿರಲಿಲ್ಲ. ಕಣ್ಣಿಗೆ ಬಿದ್ದದ್ದು ಬೇರೊಂದು. ಹಾಕಿ ಒಂದೂವರೆ ವರ್ಷವಾಗಿದ್ದ ಆ ಲೈನರುಗಳ ಅಂಚಿನಲ್ಲಿ ತಯಾರಕರು ಅಚ್ಚು ಹಾಕಿದ್ದ ಬಿಳಿ ಅಕ್ಷರಗಳು ಮಾಸದೆ ಹಾಗೆಯೇ ಇದ್ದವು, ಮೈಮೇಲೆ ಗೀರು ಕೂಡ ಸರಿಯಾಗಿ ಬಿದ್ದಿರಲಿಲ್ಲ. ಅದೇ ಅವಧಿಯಲ್ಲಿ ನಾನು ಮುಂದಿನ ಪ್ಯಾಡುಗಳನ್ನು ಎರಡು ಸಲ ಬದಲಿಸಿದ್ದೆ. ಈ ಎರಡನ್ನೂ ಒಟ್ಟಿಗಿಟ್ಟು ಯೋಚಿಸಿದ್ದರೆ ಇದು ಬಹಳ ಮೊದಲೇ ತಿಳಿಯುತ್ತಿತ್ತು.

ಇನ್ನು ಉಳಿದದ್ದು ಪೈಪುಗಳ ದಾರಿ. ಮಾಸ್ಟರ್ ಸಿಲಿಂಡರಿನಿಂದ ಹಿಂದಕ್ಕೆ ಬರುವ ಆಯಿಲ್ ನೇರವಾಗಿ ಗಾಲಿಗೆ ಹೋಗುವುದಿಲ್ಲ. ಚಾಸಿಗೆ ಕೂರಿಸಿದ ಲೋಡ್ ವಾಲ್ವಿನ ಮೂಲಕ ಹಾದು ಹೋಗುತ್ತದೆ. ಈ ವಾಲ್ವಿನ ಲಿವರಿನಿಂದ ಒಂದು ರಾಡ್ ಹೊರಟು ಹೌಸಿಂಗಿಗೆ ಕೂಡಿಕೊಂಡಿರುತ್ತದೆ. ಮಾಲು ಹೇರಿದಾಗ ಚಾಸಿ ಕುಸಿದು ಹೌಸಿಂಗಿಗೆ ಹತ್ತಿರವಾಗುತ್ತದೆ, ರಾಡ್ ಲಿವರನ್ನು ಮೇಲಕ್ಕೆ ತಳ್ಳುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿಯಿದ್ದಾಗ ಹಗುರಾದ ಹಿಂದಿನ ಗಾಲಿಗಳು ಲಾಕ್ ಆಗಿ ಗಾಡಿ ಅಡ್ಡ ತಿರುಗಬಾರದೆಂದು ವಾಲ್ವ್ ಒತ್ತಡವನ್ನು ಒಂದು ಮಟ್ಟದ ಮೇಲೆ ತಗ್ಗಿಸುತ್ತದೆ. ಆ ಮಟ್ಟದವರೆಗಿನ ಒತ್ತಡವನ್ನು ಅದು ತಡೆಯುವುದಿಲ್ಲ. ಆದ್ದರಿಂದಲೇ ಜಾಕಿನ ಮೇಲಿದ್ದ ಗಾಲಿ ಪ್ರತಿ ಸಲವೂ ಟಕ್ಕನೆ ನಿಂತು ಎಲ್ಲರನ್ನೂ ದಾರಿ ತಪ್ಪಿಸಿತ್ತು.

ಪರಿಚಯದ ಮೆಕ್ಯಾನಿಕ್ ಒಬ್ಬರಿಂದ ಒತ್ತಡ ಅಳೆಯುವ ಎರಡು ಗೇಜುಗಳನ್ನು ಕೇಳಿ ತಂದೆ. ಒಂದನ್ನು ಮುಂದಿನ ಗಾಲಿಯಲ್ಲಿ ಏರ್ ತೆಗೆಯಲು ಇರುವ ನಿಪ್ಪಲ್ ಬಿಚ್ಚಿದ ಜಾಗಕ್ಕೆ, ಇನ್ನೊಂದನ್ನು ಹಿಂದಿನದಕ್ಕೆ ಹಾಕಿ, ಗೇಜಿನೊಳಗಿನ ಏರ್ ತೆಗೆದು, ನಾಲ್ಕೂ ಗಾಲಿ ನೆಲದ ಮೇಲಿರುವಂತೆ ನಿಲ್ಲಿಸಿ, ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡಲೆಂದು ಎಂಜಿನ್ ಚಾಲು ಮಾಡಿಸಿದೆ. ತಮ್ಮ ಪೆಡಲ್ ಒತ್ತಿದಾಗ ಮುಂದಿನ ಮುಳ್ಳು 80ಕ್ಕೆ ಏರಿತು, ಹಿಂದಿನದು 35ರ ಹತ್ತಿರ ನಿಂತಿತು. ಖಾಲಿ ಗಾಡಿಗೆ ಇದು ಸಹಜವೇ. ಮನೆಯಲ್ಲಿದ್ದ ಮೆಕ್ಕೆಜೋಳದ ಚೀಲಗಳನ್ನು, ಅಂದು ಈರುಳ್ಳಿ ಹೇರಿದ್ದಷ್ಟೇ ತೂಕಕ್ಕೆ, ತುಂಬಿಸಿ ಮತ್ತೆ ಒತ್ತಿಸಿದೆ. ಹಿಂದಿನ ಮುಳ್ಳು 40ನ್ನೂ ಮುಟ್ಟಲಿಲ್ಲ. ಆಗ ನಾನು ಗಾಡಿಯ ಕೆಳಗೆ ಮಲಗಿ, ರಾಡನ್ನು ಕಳಚಿ, ಲಿವರನ್ನು ಕೈಯಿಂದಲೇ ಮೇಲಕ್ಕೆ ಒತ್ತಿ ಹಿಡಿದು, "ಈಗ ಒತ್ತು" ಎಂದೆ.

"ಅಣ್ಣಾ, ಹಿಂದಿಂದೂ ಏರ್ತಾ ಐತಿ, ಎರಡೂ ಒಂದೇ ಆತು" ಎಂದು ಎರಡನೆಯ ಗೇಜನ್ನು ಸೀಟಿನ ಪಕ್ಕದಲ್ಲಿಯೇ ಇಟ್ಟುಕೊಂಡಿದ್ದ ತಮ್ಮ ಕೂಗಿ ಹೇಳಿದ.

ಅಲ್ಲಿಗೆ ವಾಲ್ವ್ ಕೆಟ್ಟಿಲ್ಲ, ಹಿಂದಿನ ಹೋಸ್ ಒಳಗೆ ಊದಿಕೊಂಡಿಲ್ಲ, ಮಾಸ್ಟರ್ ಸಿಲಿಂಡರಿನಲ್ಲಿಯೂ ದೋಷವಿಲ್ಲ ಎಂಬುದು ಒಂದೇ ಏಟಿಗೆ ಗೊತ್ತಾಯಿತು. ಲೋಡ್ ಬಿದ್ದಿದೆ ಎಂಬ ಸುದ್ದಿಯೇ ವಾಲ್ವಿಗೆ ಮುಟ್ಟುತ್ತಿರಲಿಲ್ಲ. ಕಾರಣ ನನ್ನದೇ ಕೆಲಸ. ಹಿಂದಿನ ವರ್ಷ ಹೆಚ್ಚು ಚೀಲ ಹೇರುವ ಆಸೆಯಿಂದ ಎರಡೂ ಬದಿಯ ಕಮಾನು ಪಟ್ಟಿಗಳಿಗೆ ಒಂದೊಂದು ಹೆಚ್ಚುವರಿ ಪಟ್ಟಿ ಹಾಕಿಸಿದ್ದೆ. ಅದರಿಂದ ಗಾಡಿಯ ಹಿಂಭಾಗ ಎತ್ತರವಾಯಿತು, ಮಾಲು ಬಿದ್ದರೂ ಮೊದಲಿನಷ್ಟು ಕುಸಿಯಲಿಲ್ಲ. ಕುಸಿಯದಿದ್ದ ಮೇಲೆ ರಾಡ್ ಲಿವರನ್ನು ಎತ್ತುವುದಾದರೂ ಹೇಗೆ? ಸಾಲದ್ದಕ್ಕೆ ರಾಡಿನ ಕೆಳತುದಿಯ ಬುಷ್ ಸವೆದು ಹೋಗಿ, ಎತ್ತಿದ ಅಲ್ಪಸ್ವಲ್ಪವೂ ಆ ಸಡಿಲಿನಲ್ಲಿಯೇ ಕಳೆದುಹೋಗುತ್ತಿತ್ತು.

ಗೇಜು ಕೊಟ್ಟ ಮೆಕ್ಯಾನಿಕ್ ಸಂಜೆ ಬಂದು ನೋಡಿ, "ಲಿವರ್ ಮೇಲಕ್ಕೆತ್ತಿ ತಂತಿ ಕಟ್ಟಿಬಿಡ್ರಿ, ಯಾವಾಗಲೂ ಫುಲ್ ಬ್ರೇಕ್ ಸಿಗ್ತದೆ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಆದರೂ ನಾನು ಒಪ್ಪಲಿಲ್ಲ. ಮಳೆಯಲ್ಲಿ ಖಾಲಿ ಗಾಡಿಯ ಹಿಂದಿನ ಗಾಲಿಗಳು ಮೊದಲು ಲಾಕ್ ಆದರೆ ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮಾಲು ಇಳಿಸಿ ಖಾಲಿಯಾಗಿ ಹಿಂದಿರುಗುವುದು ನನ್ನ ದಿನದ ಅರ್ಧ ಓಡಾಟ.

ಹೆಚ್ಚುವರಿ ಪಟ್ಟಿಗಳೆರಡನ್ನೂ ತೆಗೆಸಿದೆ. ಹೊಸ ಬುಷ್ ಹಾಕಿ, ಗಾಡಿ ಖಾಲಿಯಾಗಿ ಸಮತಟ್ಟಾದ ನೆಲದ ಮೇಲಿರುವಾಗ ಮ್ಯಾನುಯಲ್ಲಿನಲ್ಲಿ ಹೇಳಿದ ಅಳತೆಗೆ ರಾಡಿನ ಉದ್ದವನ್ನು ಹೊಂದಿಸಿದೆ. ಗೇಜಿಗಾಗಿ ನಿಪ್ಪಲ್ ಬಿಚ್ಚಿದ್ದರಿಂದ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರವಿರುವ ಹಿಂದಿನ ಎಡಗಾಲಿಯಿಂದ ಶುರುಮಾಡಿ, ಹೊಸ ಡಬ್ಬಿಯ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ತುಂಬಿಸುತ್ತ ಏರ್ ತೆಗೆದೆ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಹೊಸದಿದ್ದಾಗ 205 ಡಿಗ್ರಿಯವರೆಗಾದರೂ ತಡೆಯಬೇಕಾದದ್ದಕ್ಕೆ ತೇವ ಹೀರಿದ ಮೇಲೆ ಇರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಅರ್ಧ ಬಳಸಿ ಮುಚ್ಚಳ ಸಡಿಲವಾಗಿದ್ದ ಹಳೆಯ ಡಬ್ಬಿಯನ್ನು ಅದಕ್ಕಾಗಿಯೇ ಮುಟ್ಟಲಿಲ್ಲ.

ಅದೇ ಚೀಲಗಳನ್ನು ಹೇರಿ ಮತ್ತೆ ಅಳೆದಾಗ ಮುಂದೆ 80 ಇದ್ದರೆ ಹಿಂದೆ 70 ದಾಟಿತು. ಆನಗೋಡಿನವರೆಗೆ ಹೋಗಿ ಬಂದು ಅಂಗೈ ಹಿಡಿದಾಗ ಹಿಂದಿನ ಡ್ರಮ್ಮಿನಿಂದಲೂ ಕಾವು ಬಂತು. ಈಗ 20 ಚೀಲಕ್ಕಿಂತ ಹೆಚ್ಚು ಹೇರುವುದಿಲ್ಲ, ಬಾಡಿಗೆಯೂ ಅಷ್ಟರಮಟ್ಟಿಗೆ ಕಡಿಮೆಯಾಗಿದೆ. ತೆಗೆದಿಟ್ಟ ಪಟ್ಟಿಗಳನ್ನು ಕೊಡಿ ಎಂದು ಪರಿಚಯದ ಚಾಲಕರೊಬ್ಬರು ಬಂದಿದ್ದರು. ಕೊಡುವ ಮಾತು ಆಮೇಲೆ ಎಂದು ಹೇಳಿ, ಅವರ ಗಾಡಿಯ ಕೆಳಗೆ ಬಗ್ಗಿ ಆ ರಾಡ್ ಎಲ್ಲಿದೆಯೆಂದು ಮೊದಲು ತೋರಿಸಿದೆ.