ಬಂದವರೆಷ್ಟು, ಉಳಿದವರೆಷ್ಟು: ಕಾಲೇಜ್ ಫುಟ್‌ಬಾಲ್ ತಂಡದ ಬಲ ನಾನು ಲೆಕ್ಕ ಹಾಕುವ ಬಗೆ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ತಂಡವೊಂದರ ಬಲ ತಿಳಿಯಲು ಹೈಸ್ಕೂಲ್ ಹುಡುಗರ ಪ್ರತಿಭೆಗೆ ಗರಿಷ್ಠ ಐದರ ತನಕ ಕೊಡುವ ಸ್ಟಾರ್ ರ್ಯಾಂಕಿಂಗ್ ನೋಡಿದರೆ ಸಾಕಿದ್ದ ಕಾಲ 2021ಕ್ಕೆ ಮುಗಿಯಿತು. ಆ ವರ್ಷದಿಂದ, ಮೊದಲ ಸಲ ಕಾಲೇಜು ಬದಲಿಸುವ ಆಟಗಾರ ಒಂದು ಸೀಸನ್ ಹೊರಗೆ ಕೂರಬೇಕಿಲ್ಲ. 2024ರಿಂದ, ಓದಿನ ಅರ್ಹತೆ ಇದ್ದರೆ, ಎಷ್ಟು ಸಲ ಬದಲಿಸಿದರೂ ಕೂಡಲೇ ಆಡಬಹುದು. ಹಾಗಾಗಿ ಪ್ರತಿ ತಂಡಕ್ಕೂ ನಾನೊಂದು ಎಕ್ಸೆಲ್ ಶೀಟ್ ಇಟ್ಟಿದ್ದೇನೆ.

ಮೊದಲು ಹೈಸ್ಕೂಲ್ ಭಾಗ. ಹೈಸ್ಕೂಲ್ ಆಟಗಾರರಿಗೆ ರ್ಯಾಂಕಿಂಗ್ ಕೊಡುವ 247ಸ್ಪೋರ್ಟ್ಸ್ ಜಾಲತಾಣದ ಕಾಂಪೊಸಿಟ್ ರೇಟಿಂಗ್ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಹಲವು ಸಂಸ್ಥೆಗಳ ಅಂಕಗಳನ್ನು ಬೆರೆಸಿ ಮಾಡಿದ್ದು. 0.9500 ಇದ್ದರೆ 95 ಎಂದು ಬರೆದು 70 ಕಳೆಯುತ್ತೇನೆ, 25 ಉಳಿಯುತ್ತದೆ. ಕಳೆಯದೆ ಬಿಟ್ಟರೆ 85ರ ಹುಡುಗ, 95ರ ಹುಡುಗ ಇಬ್ಬರೂ ಹೆಚ್ಚುಕಡಿಮೆ ಒಂದೇ ಎಂಬಂತೆ ಕಾಣುತ್ತಾರೆ. ಆಮೇಲೆ ಹೆಚ್ಚಿನಿಂದ ಕಡಿಮೆಗೆ ಜೋಡಿಸಿ ತೂಕ ಕೊಡಬೇಕು. ಕ್ರಮಸಂಖ್ಯೆಯಿಂದ 1 ಕಳೆದು, ವರ್ಗ ಮಾಡಿ, 162ರಿಂದ ಭಾಗಿಸಿ, ಮೈನಸ್ ಹಾಕಿ ಎಕ್ಸ್‌ಪೊನೆನ್ಶಿಯಲ್ ತೆಗೆದರೆ ತೂಕ ಸಿಗುತ್ತದೆ. ಮೊದಲನೆಯವನಿಗೆ 1, 5ನೆಯವನಿಗೆ 0.91, 10ನೆಯವನಿಗೆ 0.61, 15ನೆಯವನಿಗೆ 0.30, 20ನೆಯವನಿಗೆ 0.11, 25ನೆಯವನಿಗೆ 0.03. ಪ್ರತಿಯೊಬ್ಬನ ಅಂಕವನ್ನು ಅವನ ತೂಕದಿಂದ ಗುಣಿಸಿ ಕೂಡುತ್ತೇನೆ. ತೂಕವಿಲ್ಲದೆ ಬರೀ ಮೊತ್ತ ಕೂಡಿದರೆ 28 ಜನರನ್ನು ಸೇರಿಸಿಕೊಂಡ ಸಾಧಾರಣ ತಂಡ 15 ಒಳ್ಳೆಯವರನ್ನು ತಂದ ತಂಡಕ್ಕಿಂತ ಮೇಲೆ ಹೋಗಿಬಿಡುತ್ತದೆ. ಬರೀ ಸರಾಸರಿ ನೋಡಿದರೆ ಇನ್ನೊಂದು ತೊಡಕು: ಚೆಂಡು ಒದೆಯುವ ಕಿಕ್ಕರ್ ಮತ್ತು ಒದೆತಕ್ಕಾಗಿ ಚೆಂಡನ್ನು ಹಿಂದಕ್ಕೆ ಎಸೆದುಕೊಡುವ ಲಾಂಗ್ ಸ್ನ್ಯಾಪರ್‌ಗಳಿಗೆ ರೇಟಿಂಗ್ ಯಾವಾಗಲೂ ಕಡಿಮೆ, ಒಬ್ಬ ಒಳ್ಳೆಯ ಕಿಕ್ಕರ್ ಬಂದರೂ ಸರಾಸರಿ ಇಳಿಯುತ್ತದೆ. ಸರಾಸರಿ ತೆಗೆಯುವಾಗ ಅವರನ್ನು ಬಿಟ್ಟುಬಿಡಿ.

ಟ್ರಾನ್ಸ್‌ಫರ್ ಆಟಗಾರರಿಗೆ, ಅಂದರೆ ಬೇರೆ ಕಾಲೇಜಿನಿಂದ ಬಂದವರಿಗೆ, ಈ ಲೆಕ್ಕ ನಡೆಯುವುದಿಲ್ಲ. 17ನೇ ವಯಸ್ಸಿನಲ್ಲಿ ಕೊಟ್ಟ ಸ್ಟಾರ್ 21ಕ್ಕೆ ಹಳಸಿರುತ್ತದೆ. ಕ್ವಿನ್ ಎವರ್ಸ್‌ಗೆ ಕಾಂಪೊಸಿಟ್‌ನಲ್ಲಿ ಪೂರ್ಣ 1.0000 ಇತ್ತು. 2021ರಲ್ಲಿ ಒಹಾಯೊ ಸ್ಟೇಟ್‌ನಲ್ಲಿ ಎರಡೇ ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಸರದಿ) ಆಡಿ ಟೆಕ್ಸಸ್‌ಗೆ ಹೋದ. ಕ್ಯಾಮ್ ವಾರ್ಡ್‌ಗೆ ಹೈಸ್ಕೂಲ್ ಮುಗಿಸುವಾಗ ಒಂದು ಸ್ಟಾರ್ ಕೂಡ ಇರಲಿಲ್ಲ. ಇನ್‌ಕಾರ್ನೇಟ್ ವರ್ಡ್, ವಾಷಿಂಗ್ಟನ್ ಸ್ಟೇಟ್, ಮಯಾಮಿ ಹೀಗೆ ಮೂರು ಕಡೆ ಆಡಿ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯಾದ. ಹಾಗಾಗಿ ನಾನು ಇಟ್ಟುಕೊಂಡ ನಿಯಮ ಇದು: ಕಾಲೇಜಿನಲ್ಲಿ ಒಂದು ವರ್ಷ ಮುಗಿಸಿದವನ ಹೈಸ್ಕೂಲ್ ಅಂಕ ಪೂರ್ತಿ ಇರಲಿ, ಎರಡು ವರ್ಷ ಆಗಿದ್ದರೆ ಅರ್ಧ, ಮೂರಾದರೆ ಸೊನ್ನೆ. ಕಡಿತವಾದ ಜಾಗ ತುಂಬುವುದು ಸ್ನ್ಯಾಪ್‌ಗಳು. ಹಿಂದಿನ ಸೀಸನ್‌ನಲ್ಲಿ 300ಕ್ಕಿಂತ ಹೆಚ್ಚು ಸ್ನ್ಯಾಪ್ ಆಡಿದ್ದರೆ ಅವನನ್ನು ನಿಜವಾದ ಆಟಗಾರ ಎಂದು ಹಿಡಿಯುತ್ತೇನೆ, 100ಕ್ಕಿಂತ ಕಡಿಮೆ ಇದ್ದರೆ ಹೆಸರು ಎಷ್ಟೇ ದೊಡ್ಡದಿದ್ದರೂ ಹೊಸಬನೆಂದೇ ಲೆಕ್ಕ. ಯಾವ ಮಟ್ಟದ ಎದುರಾಳಿಗಳ ಮುಂದೆ ಆಡಿದ ಎಂಬುದಕ್ಕೂ ಒಂದು ಕಾಲಂ ಬೇಕು. ಕೆಳಗಿನ ಹಂತವಾದ ಎಫ್‌ಸಿಎಸ್‌ನ 600 ಸ್ನ್ಯಾಪ್, ಬಲಿಷ್ಠ ತಂಡಗಳ ಗುಂಪಾದ ಎಸ್‌ಇಸಿಯ 600 ಸ್ನ್ಯಾಪ್ ಒಂದೇ ಅಲ್ಲ.

ಹೆಚ್ಚಿನವರು ಎಡವುವುದು ಹೋದವರ ಕಾಲಂನಲ್ಲಿ. ಟೆಕ್ಸಸ್ ಎ ಅಂಡ್ ಎಂ ತಂಡದ 2022ರ ಬ್ಯಾಚ್ (ಆ ವರ್ಷ ಸೇರಿಸಿಕೊಂಡ ಹೈಸ್ಕೂಲ್ ಹುಡುಗರು) ದೇಶಕ್ಕೇ ಮೊದಲ ಸ್ಥಾನದಲ್ಲಿತ್ತು. ಆ ಸೀಸನ್‌ನಲ್ಲಿ ತಂಡ 5 ಗೆದ್ದು 7 ಸೋತಿತು, ನಂತರ ಆ ಬ್ಯಾಚ್‌ನ ಹಲವರು ಬೇರೆ ಕಾಲೇಜುಗಳಿಗೆ ಹೊರಟುಹೋದರು. ಆದರೆ ಹಳೆಯ ರ್ಯಾಂಕಿಂಗ್ ಪುಟದಲ್ಲಿ ಅವರ ಅಂಕ ಇಂದಿಗೂ ಹಾಗೇ ಕೂತಿದೆ. ಚಾಂಪಿಯನ್ ಆಗಬೇಕಾದರೆ ಕಳೆದ ನಾಲ್ಕು ಬ್ಯಾಚ್‌ಗಳಲ್ಲಿ 4 ಮತ್ತು 5 ಸ್ಟಾರ್‌ನವರು ಶೇ. 50ಕ್ಕಿಂತ ಹೆಚ್ಚಿರಬೇಕು ಎನ್ನುವ ಬ್ಲೂ ಚಿಪ್ ಲೆಕ್ಕದಲ್ಲೂ ಟ್ರಾನ್ಸ್‌ಫರ್ ಸೇರುವುದಿಲ್ಲ. ಅದನ್ನು ಬಳಸುವುದಾದರೆ ನಾಲ್ಕು ಬ್ಯಾಚ್‌ಗಳಲ್ಲಿ ಇವತ್ತು ರೋಸ್ಟರ್‌ನಲ್ಲಿ (ತಂಡದ ಆಟಗಾರರ ಪಟ್ಟಿಯಲ್ಲಿ) ಇರುವವರನ್ನು ಮಾತ್ರ ಎಣಿಸಿ.

ಕಾಲೇಜು ಬದಲಿಸಲು ಬಯಸುವವರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಬಂದ ಕೂಡಲೇ ಅಳಿಸಬೇಡಿ. ಆಟಗಾರ ಕೇಳಿಕೊಂಡ ಮೇಲೆ ಎರಡು ಕೆಲಸದ ದಿನಗಳಲ್ಲಿ ಕಾಲೇಜು ಹೆಸರು ಸೇರಿಸಬೇಕು. ಸೇರಿಸಿದ ಮೇಲೂ ಅವನು ಹಿಂದಕ್ಕೆ ಬರಬಹುದು. 2026ರಲ್ಲಿ ಜನವರಿ 2ರಿಂದ 16ರ ತನಕ ಒಂದೇ ಅವಧಿ ಇತ್ತು, ಆದರೆ ಆ ಗಡುವು ಹೆಸರು ಕೊಡುವುದಕ್ಕೆ ಮಾತ್ರ, ಹೊಸ ಕಾಲೇಜು ಆರಿಸುವುದಕ್ಕಲ್ಲ. ಕೋಚ್ ಬದಲಾದರೆ ಬೇರೆ ಅವಧಿ ತೆರೆದುಕೊಳ್ಳುತ್ತದೆ. ನನ್ನ ಶೀಟ್‌ನಲ್ಲಿ ಮೂರು ಸ್ಥಿತಿಗಳಿವೆ: ಹೆಸರು ಕೊಟ್ಟ, ಒಪ್ಪಿಕೊಂಡ, ದಾಖಲಾದ. ಅಂಕ ಒಂದು ತಂಡದಿಂದ ಇನ್ನೊಂದಕ್ಕೆ ಹೋಗುವುದು ಮೂರನೆಯದರಲ್ಲಿ ಮಾತ್ರ.

ಒಬ್ಬನೇ ಎರಡು ಸಲ ಲೆಕ್ಕಕ್ಕೆ ಬರುವುದೂ ಉಂಟು. ಒಂದು ಪಟ್ಟಿಯಲ್ಲಿ ಹೆಸರಿನ ಕೊನೆಗೆ ಜೂನಿಯರ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ; ಒಂದೇ ಹೆಸರಿನ ಇಬ್ಬರೂ ಸಿಗುತ್ತಾರೆ. ಬರೀ ಹೆಸರಿನಿಂದ ಹೊಂದಿಸದೆ ಹೆಸರು, ಹುಟ್ಟೂರು, ಹೈಸ್ಕೂಲ್ ಮೂರನ್ನೂ ಸೇರಿಸಿ ಒಂದು ಕೀ ಮಾಡಿಕೊಳ್ಳಿ. ಪೊಸಿಷನ್ (ಮೈದಾನದಲ್ಲಿ ಆಡುವ ಜಾಗ) ಅದರಲ್ಲಿ ಬೇಡ, ಕಾಲೇಜಿಗೆ ಬಂದ ಮೇಲೆ ಅದು ಬದಲಾಗುತ್ತದೆ. ಆಗಸ್ಟ್ ಕ್ಯಾಂಪ್ ಶುರುವಾದಾಗ ತಂಡದ ಅಧಿಕೃತ ರೋಸ್ಟರ್ ಜೊತೆ ಒಂದೊಂದೇ ಹೆಸರು ತಾಳೆ ನೋಡುತ್ತೇನೆ. 2025ರಿಂದ ಹೆಚ್ಚಿನ ದೊಡ್ಡ ತಂಡಗಳಿಗೆ 105 ಆಟಗಾರರ ಮಿತಿ ಇದೆ. ಅದಕ್ಕಿಂತ ಹೆಚ್ಚು ಸಾಲು ಕಂಡರೆ, ಹೊರಟುಹೋದ ಯಾರನ್ನೋ ತೆಗೆಯಲು ಮರೆತಿದ್ದೇನೆಯೇ ಎಂದು ಮೊದಲು ನೋಡುತ್ತೇನೆ.